ಗೆರೆ ಎಳೆಯಲು ಬಾಡಿಗೆ ಯಾಕೆ?

ವ್ಯಂಗ್ಯಚಿತ್ರ ಬರೆಯುವವರ ಸಲಕರಣೆ ಹಿಂದೆಲ್ಲ ಒಂದು ಕೈಚೀಲದೊಳಗೆ ಮುಗಿದುಹೋಗುತ್ತಿತ್ತು. ಪೆನ್ಸಿಲ್ಲು, ರಬ್ಬರು, ಕಪ್ಪು ಇಂಡಿಯನ್ ಇಂಕಿನ ಬಾಟಲಿ, ಒಂದೆರಡು ಬ್ರಷ್ಷು, ದಪ್ಪ ಕಾಗದ. ಡಾ. ಎಂ. ಶಿವರಾಂ, ಅಂದರೆ ಓದುಗರ 'ರಾಶಿ', 1942ರಲ್ಲಿ ಶುರುಮಾಡಿದ 'ಕೊರವಂಜಿ' ಹಾಸ್ಯಪತ್ರಿಕೆಗೆ ಚಿತ್ರ ಬರೆದುಕೊಟ್ಟವರಲ್ಲಿ ಮೈಸೂರಿನ ಆರ್.ಕೆ. ಲಕ್ಷ್ಮಣ್ ಒಬ್ಬರು. ಮುಂದೆ ಮುಂಬಯಿಗೆ ಹೋಗಿ ದೇಶಕ್ಕೆಲ್ಲ 'ಶ್ರೀಸಾಮಾನ್ಯ'ನನ್ನು ಕೊಟ್ಟಾಗಲೂ ಅವರ ಕೈಯಲ್ಲಿದ್ದದ್ದು ಅದೇ ಬ್ರಷ್ಷು, ಅದೇ ಮಸಿ.

ಇವತ್ತು ಅದೇ ಹವ್ಯಾಸಕ್ಕೆ ಕೈಹಾಕಲು ಹೊರಟವರು ಮೊದಲು ಕೇಳುವುದು ಚಿತ್ರದ ಬಗ್ಗೆ ಅಲ್ಲ. ಯಾವ ಸಾಫ್ಟ್‌ವೇರ್, ತಿಂಗಳಿಗೆ ಎಷ್ಟು ಕಟ್ಟಬೇಕು ಎಂದು ಕೇಳುತ್ತಾರೆ. ಹಾಗೆ ಕೇಳುವುದಕ್ಕೆ ಕಾರಣವೂ ಇದೆ. ಒಂದು ಕಾಲಕ್ಕೆ ಫೋಟೋಶಾಪ್‌ ಅನ್ನು ಒಮ್ಮೆ ಕೊಂಡರೆ ಮುಗಿಯಿತು, ಕಂಪ್ಯೂಟರ್ ಇರುವಷ್ಟು ದಿನ ಅದು ನಮ್ಮದು. 2013ರಲ್ಲಿ ಅಡೋಬಿ ಆ ಪದ್ಧತಿ ಬಿಟ್ಟು ಚಂದಾಕ್ಕೆ ಹೊರಳಿತು. ಅಲ್ಲಿಂದ ಮುಂದೆ ಹೊಸ ಆವೃತ್ತಿ ಬೇಕೆಂದವರೆಲ್ಲ ಬಾಡಿಗೆದಾರರು: ದುಡ್ಡು ಕಟ್ಟಿದಷ್ಟು ದಿನ ಒಳಗೆ, ನಿಲ್ಲಿಸಿದ ದಿನ ಹೊರಗೆ. ಜಾಹೀರಾತು ಕಂಪನಿಯಲ್ಲಿ ದಿನವಿಡೀ ಚಿತ್ರ ಮಾಡುವವರಿಗೆ ಈ ಲೆಕ್ಕ ಸರಿಹೋಗಬಹುದು. ಭಾನುವಾರ ಮನೆಯವರೆಲ್ಲ ಮಲಗಿದ ಮೇಲೆ ನಾಲ್ಕು ಗೆರೆ ಎಳೆಯುವವರಿಗೆ ಹೇಗೆ ಸರಿಹೋದೀತು? ಅವರ ಕಣ್ಣು ಸಹಜವಾಗಿಯೇ 'ಉಚಿತ' ಎಂಬ ಹಣೆಪಟ್ಟಿಯ ಕಡೆ ಹೋಗುತ್ತದೆ.

ಉಚಿತದಲ್ಲೂ ತರತರ. ಮೊಬೈಲಿನಲ್ಲಿ ಚಿತ್ರ ಬರೆಯುವ ಹುಡುಗರ ಅಚ್ಚುಮೆಚ್ಚಿನ ಐಬಿಸ್‌ಪೇಂಟ್, ಮೆಡಿಬ್ಯಾಂಗ್ ಎರಡೂ ಜಪಾನಿನವು. ಇವು ದುಡ್ಡು ಕೇಳದೆ ಜಾಹೀರಾತು ತೋರಿಸುತ್ತವೆ. ಐಬಿಸ್‌ಪೇಂಟ್‌ನಲ್ಲಿ ಕೆಲವು ಬ್ರಷ್ಷುಗಳು ಬೇಕೆಂದರೆ ಜಾಹೀರಾತಿನ ವಿಡಿಯೊ ಮುಗಿಯುವ ತನಕ ಕಾಯಬೇಕು. ಅಷ್ಟರಲ್ಲಿ ತಲೆಯಲ್ಲಿದ್ದ ನಗೆ ಆರಿಹೋಗಿರುತ್ತದೆ ಎನ್ನುವುದು ಬೇರೆ ಮಾತು. ಇನ್ನೊಂದು ಬಗೆ, ಕಂಪನಿಯ ಔದಾರ್ಯದಿಂದ ಬಂದ ಉಚಿತ. ಆಟೋಡೆಸ್ಕ್ ಕಂಪನಿ ತನ್ನ 'ಸ್ಕೆಚ್‌ಬುಕ್' ಅನ್ನು 2018ರಲ್ಲಿ ಎಲ್ಲರಿಗೂ ಬಿಟ್ಟಿಯಾಗಿ ಕೊಟ್ಟಿತು. ಬಹಳ ಚೊಕ್ಕ ಸಾಫ್ಟ್‌ವೇರ್ ಅದು, ಲಕ್ಷಾಂತರ ಜನ ಅದಕ್ಕೆ ಕೈ ಒಗ್ಗಿಸಿಕೊಂಡರು. 2021ರಲ್ಲಿ ಅದು ಬೇರೆ ಸಂಸ್ಥೆಯಾಯಿತು. ಈಗ ಮೊಬೈಲ್ ಆ್ಯಪ್ ಪುಕ್ಕಟೆ, ಕಂಪ್ಯೂಟರಿನ 'ಪ್ರೊ' ಆವೃತ್ತಿಗೆ ದುಡ್ಡು. ಇದರಲ್ಲಿ ಯಾರೂ ಯಾರಿಗೂ ಮೋಸ ಮಾಡಿಲ್ಲ. ಕೊಟ್ಟದ್ದನ್ನು ಹಿಂದಕ್ಕೆ ಪಡೆಯುವ ಹಕ್ಕು ಕೊಟ್ಟವರ ಹತ್ತಿರವೇ ಇತ್ತು, ಅಷ್ಟೆ.

ಮೂರನೆಯ ಬಗೆಯಲ್ಲಿ ಆ ಹಕ್ಕು ಯಾರ ಹತ್ತಿರವೂ ಇರುವುದಿಲ್ಲ. ಕ್ರಿಟಾ, ಗಿಂಪ್, ಇಂಕ್‌ಸ್ಕೇಪ್, ಮೈಪೇಂಟ್ ಈ ಗುಂಪಿನವು. ಇವುಗಳ ಮೂಲ ಸಂಕೇತ ಬಹಿರಂಗವಾಗಿದೆ. ಯಾರು ಬೇಕಾದರೂ ಇಳಿಸಿಕೊಂಡು, ನಕಲು ಮಾಡಿ, ತಿದ್ದಿ, ಹಂಚಬಹುದು. ಈಗ ನಡೆಸುತ್ತಿರುವವರು ನಾಳೆ ಕೈಬಿಟ್ಟರೂ ಇವತ್ತು ನಮ್ಮ ಕಂಪ್ಯೂಟರಿನಲ್ಲಿರುವ ಆವೃತ್ತಿಗೆ ಯಾರೂ ಬೀಗ ಹಾಕಲಾರರು. ಹವ್ಯಾಸಿಯ ಕೆಲಸ ಹತ್ತು ವರ್ಷಕ್ಕೆ ಹರಡಿಕೊಂಡಿರುತ್ತದೆ. 2016ರಲ್ಲಿ ಅರ್ಧಕ್ಕೆ ಬಿಟ್ಟ ಚಿತ್ರವನ್ನು ನಿವೃತ್ತಿಯಾದ ಮೇಲೆ ತೆರೆಯುವ ಆಸೆ ಇದ್ದವರು ಬೆಲೆಗಿಂತ ಮೊದಲು ನೋಡಬೇಕಾದದ್ದು ಇದನ್ನು.

ಕಾರ್ಟೂನಿಗೆ ನನ್ನ ಓಟು ಕ್ರಿಟಾಗೆ. ಅದರ ಹುಟ್ಟಿನ ಕತೆಯೇ ಒಂದು ಜಗಳದಿಂದ ಶುರುವಾಗುತ್ತದೆ. ಬರ್ಕ್ಲಿಯ ಇಬ್ಬರು ವಿದ್ಯಾರ್ಥಿಗಳು, ಸ್ಪೆನ್ಸರ್ ಕಿಂಬಲ್ ಮತ್ತು ಪೀಟರ್ ಮ್ಯಾಟಿಸ್, 1990ರ ದಶಕದ ನಡುವಿನಲ್ಲಿ ಗಿಂಪ್ ಮಾಡಿದ್ದರು. ಲಿನಕ್ಸ್ ಬಳಗದ ಇನ್ನೊಂದು ಪಂಗಡವಾದ ಕೆಡಿಇಯ ಸ್ಥಾಪಕ ಮಥಿಯಾಸ್ ಎಟ್ರಿಚ್, 1998ರ ಒಂದು ಸಮ್ಮೇಳನದಲ್ಲಿ ಅದೇ ಗಿಂಪ್‌ಗೆ ತಮ್ಮ ಪಂಗಡದ ಅಂಗಿ ತೊಡಿಸಿ ತೋರಿಸಿದರು. ಗಿಂಪ್ ಬಳಗಕ್ಕೆ ಅದು ರುಚಿಸಲಿಲ್ಲ. ಹಾಗಾದರೆ ನಮ್ಮದೇ ಒಂದು ಇರಲಿ ಎಂದು ಕೆಡಿಇಯವರು 1999ರಲ್ಲಿ ಬೇರೆ ಒಲೆ ಹೂಡಿದರು. ಹೆಸರು ಎರಡು ಸಲ ಬದಲಾಗಿ ಕೊನೆಗೆ ಕ್ರಿಟಾ ಎಂದು ನಿಂತಿತು. ಬಹಳ ವರ್ಷ ಅದು ಎಲ್ಲವೂ ಆಗಲು ಹೋಗಿ ಏನೂ ಆಗದ ಸ್ಥಿತಿಯಲ್ಲಿತ್ತು. 2010ರ ಹೊತ್ತಿಗೆ ಅಭಿವೃದ್ಧಿಗಾರರು ಕೂತು ಒಂದು ತೀರ್ಮಾನಕ್ಕೆ ಬಂದರು: ಫೋಟೊ ತಿದ್ದುವ ಕೆಲಸ ನಮ್ಮದಲ್ಲ, ಖಾಲಿ ಹಾಳೆಯಿಂದ ಚಿತ್ರ ಬರೆಯುವವರು, ಅದರಲ್ಲೂ ಕಾಮಿಕ್ಸ್‌ನವರು, ನಮ್ಮ ಜನ. ಕ್ರಿಟಾ ಕ್ರಿಟಾ ಆದದ್ದು ಆಮೇಲೆ. ಅದರ ಪ್ರತಿಷ್ಠಾನ ನೆದರ್ಲೆಂಡ್ಸ್‌ನಲ್ಲಿದೆ, ಹಲ್ಲಾ ರೆಂಪ್ಟ್ 2004ರ ಸುಮಾರಿನಿಂದ ಮುಂದಾಳು. ದೇಣಿಗೆಯೇ ಆಧಾರ. 2017ರಲ್ಲಿ ಪ್ರತಿಷ್ಠಾನಕ್ಕೆ ಅನಿರೀಕ್ಷಿತವಾಗಿ ದೊಡ್ಡ ತೆರಿಗೆ ಬಿಲ್ಲು ಬಂದು ಅಂಗಡಿ ಮುಚ್ಚುವ ಪರಿಸ್ಥಿತಿಯಾದಾಗ, ಪ್ರಪಂಚದ ನಾನಾ ಕಡೆಯ ಚಿತ್ರಕಾರರು ಕೈಲಾದಷ್ಟು ಕಳಿಸಿ ಉಳಿಸಿಕೊಂಡರು. ಸ್ಟೀಮ್‌ನಂಥ ಆನ್‌ಲೈನ್ ಮಳಿಗೆಗಳಲ್ಲಿ ಅದಕ್ಕೆ ಬೆಲೆ ಇದೆ. ಸ್ವಂತ ಜಾಲತಾಣದಲ್ಲಿ ಪುಕ್ಕಟೆ. ಎರಡೂ ಒಂದೇ ಸರಕು. ದುಡ್ಡು ಕೊಡಬೇಕು ಅನ್ನಿಸಿದವರು ಮಳಿಗೆಯಲ್ಲಿ ಕೊಳ್ಳಲಿ ಎಂದು ಈ ಏರ್ಪಾಡು.

ಸಾಫ್ಟ್‌ವೇರ್ ಏನೋ ಪುಕ್ಕಟೆ, ಅದರ ಜೊತೆ ಬೇಕಾಗುವ ಡ್ರಾಯಿಂಗ್ ಟ್ಯಾಬ್ಲೆಟ್ ಪುಕ್ಕಟೆಯಲ್ಲವಲ್ಲ ಎಂಬ ತಕರಾರು ನ್ಯಾಯವಾದದ್ದೇ. ನನ್ನ ಸಲಹೆ: ಮೊದಲ ಆರು ತಿಂಗಳು ಟ್ಯಾಬ್ಲೆಟ್ ಕೊಳ್ಳಲೇಬೇಡಿ. ಬಿಳಿ ಹಾಳೆಯ ಮೇಲೆ ಕಪ್ಪು ಪೆನ್ನಿನಲ್ಲೇ ಚಿತ್ರ ಬರೆಯಿರಿ. ಕಿಟಕಿಯ ಬೆಳಕಿನಲ್ಲಿ, ನೆರಳು ಬೀಳದಂತೆ, ಮೊಬೈಲಿನಿಂದ ನೇರ ಮೇಲಿನಿಂದ ಫೋಟೊ ತೆಗೆದು ಕಂಪ್ಯೂಟರಿಗೆ ಹಾಕಿ. ಫೋಟೊದಲ್ಲಿ ಕಾಗದ ಬೂದಿ ಬಣ್ಣಕ್ಕೆ ಬಂದಿರುತ್ತದೆ. ಗಿಂಪ್‌ನಲ್ಲಾಗಲಿ ಕ್ರಿಟಾದಲ್ಲಾಗಲಿ 'ಲೆವೆಲ್ಸ್' ಎಂಬ ಆಯ್ಕೆ ತೆರೆದರೆ ಒಂದು ಗುಡ್ಡದಂಥ ನಕ್ಷೆ ಕಾಣುತ್ತದೆ. ಬಲಗಡೆಯ ಬಿಳಿ ಹಿಡಿಯನ್ನು ಗುಡ್ಡದ ಎಡಕ್ಕೆ ಸರಿಸಿದರೆ ಬೂದಿ ಬಿಳಿಯಾಗುತ್ತದೆ. ಎಡಗಡೆಯ ಕಪ್ಪು ಹಿಡಿಯನ್ನು ಸ್ವಲ್ಪ ಬಲಕ್ಕೆ ತಂದರೆ ಮಸುಕಾದ ಮಸಿ ಗಟ್ಟಿಯಾಗುತ್ತದೆ. ಅದಾದ ಮೇಲೆ 'ಕಲರ್ ಟು ಆಲ್ಫಾ' ಎಂಬ ಫಿಲ್ಟರ್ ಹಾಕಿದರೆ ಬಿಳಿಯೆಲ್ಲ ಪಾರದರ್ಶಕವಾಗಿ ಗೆರೆ ಮಾತ್ರ ಉಳಿಯುತ್ತದೆ. ಅದರ ಕೆಳಗಿನ ಲೇಯರ್‌ನಲ್ಲಿ, ಅಂದರೆ ಅಡಿಗೆ ಹಾಸಿದ ಇನ್ನೊಂದು ಪದರದಲ್ಲಿ, ಮೌಸಿನಿಂದಲೇ ಬಣ್ಣ ತುಂಬಬಹುದು. ಮೌಸಿನಲ್ಲಿ ಗೆರೆ ಎಳೆಯುವುದು ಶಿಕ್ಷೆ, ಬಣ್ಣ ತುಂಬುವುದು ಶಿಕ್ಷೆಯಲ್ಲ. ಕಾಗದದ ಗೆರೆಯ ಜೀವ ಚಿತ್ರದಲ್ಲಿ ಉಳಿಯುತ್ತದೆ, ಖರ್ಚೂ ಇಲ್ಲ.

ಹೀಗೆ ಮಾಡುತ್ತಾ ಹುಚ್ಚು ಹಿಡಿದರೆ, ಹಿಡಿಯುತ್ತದೆ, ಆಗ ಟ್ಯಾಬ್ಲೆಟ್ ಕೊಳ್ಳಿ. ಪರದೆ ಇಲ್ಲದ, ಸ್ಲೇಟಿನಂಥ ಚಿಕ್ಕದೇ ಸಾಕು. ಬೆಲೆ ಸಾಧಾರಣ ಮೊಬೈಲಿಗಿಂತ ಬಹಳ ಕಡಿಮೆ. ಜಪಾನಿನ ವ್ಯಾಕಮ್ ಈ ಕ್ಷೇತ್ರದ ಹಿರಿಯಣ್ಣ. ಚೀನಾದ ಹುಯಾನ್, ಎಕ್ಸ್‌ಪಿ-ಪೆನ್ ಕಡಿಮೆ ಬೆಲೆಗೆ ಅದೇ ಕೆಲಸ ಮಾಡುತ್ತವೆ. ಇವುಗಳ ಪೆನ್ನಿಗೆ ಬ್ಯಾಟರಿ ಇರುವುದಿಲ್ಲ. ಹಲಗೆಯೊಳಗಿನ ತಂತಿಗಳ ಜಾಲ ವಿದ್ಯುತ್ಕಾಂತೀಯ ಅಲೆ ಹೊಮ್ಮಿಸುತ್ತದೆ. ಪೆನ್ನಿನೊಳಗಿನ ಪುಟ್ಟ ಸುರುಳಿ ಅದರಿಂದಲೇ ಶಕ್ತಿ ಹೀರಿಕೊಂಡು ಮರುದನಿ ಕೊಡುತ್ತದೆ. ತುದಿಯನ್ನು ಒತ್ತಿದಂತೆಲ್ಲ ಮರುದನಿಯ ಕಂಪನ ಬದಲಾಗುತ್ತದೆ, ಕಂಪ್ಯೂಟರ್ ಅದನ್ನು ಗೆರೆಯ ದಪ್ಪವಾಗಿ ಓದಿಕೊಳ್ಳುತ್ತದೆ. ಮೊಬೈಲಿಗೆ ಸಿಗುವ ರಬ್ಬರ್ ತುದಿಯ ಅಗ್ಗದ ಕಡ್ಡಿಗೂ ಇದಕ್ಕೂ ಇರುವ ವ್ಯತ್ಯಾಸ ಇದೇ. ಆ ಕಡ್ಡಿ ಬೆರಳಿನ ಬದಲಿ ಮಾತ್ರ, ಒತ್ತಡ ಅದಕ್ಕೆ ಗೊತ್ತಾಗುವುದಿಲ್ಲ. ಡಬ್ಬದ ಮೇಲೆ 8192 ಹಂತದ ಒತ್ತಡ ಎಂದು ಬರೆದಿರುತ್ತಾರೆ. ಅದರ ನಾಲ್ಕನೇ ಒಂದು ಭಾಗ ಇದ್ದರೂ ನಮ್ಮ ಕೈಗೆ ಗೊತ್ತಾಗುವುದಿಲ್ಲ, ಆ ಸಂಖ್ಯೆ ನೋಡಿ ಹೆಚ್ಚಿಗೆ ದುಡ್ಡು ಸುರಿಯಬೇಡಿ.

ತಂದ ದಿನ ಎರಡು ಕಿರಿಕಿರಿಗಳು ಗ್ಯಾರಂಟಿ. ಒಂದು, ಎಷ್ಟು ಒತ್ತಿದರೂ ಗೆರೆ ಒಂದೇ ದಪ್ಪ ಬರುತ್ತದೆ. ವಿಂಡೋಸ್‌ನಲ್ಲಿ ಪೆನ್ನಿನ ಸುದ್ದಿ ಹೇಳುವ ದಾರಿ ಎರಡಿವೆ, ವಿನ್‌ಟ್ಯಾಬ್ ಮತ್ತು ವಿಂಡೋಸ್ ಇಂಕ್. ಟ್ಯಾಬ್ಲೆಟ್ಟಿನ ಡ್ರೈವರ್ ಒಂದು ದಾರಿಯಲ್ಲಿ ಮಾತಾಡಿ, ಕ್ರಿಟಾ ಇನ್ನೊಂದರಲ್ಲಿ ಕಿವಿಗೊಟ್ಟು ಕೂತಿರುತ್ತದೆ. ಕ್ರಿಟಾದ ಸೆಟ್ಟಿಂಗ್‌ಗಳಲ್ಲಿ ಟ್ಯಾಬ್ಲೆಟ್ ಪುಟಕ್ಕೆ ಹೋಗಿ ದಾರಿ ಬದಲಿಸಿ, ಮುಚ್ಚಿ ತೆರೆದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಇನ್ನೊಂದು, ದುಂಡಗೆ ಬರೆದ ಮುಖ ಪರದೆಯ ಮೇಲೆ ಅಡ್ಡಡ್ಡ ಊದಿಕೊಳ್ಳುತ್ತದೆ. ಕೈ ಕೆಟ್ಟಿಲ್ಲ, ಹಲಗೆಯ ಉದ್ದಗಲ 16:10, ಪರದೆಯದು 16:9, ಒಂದರ ಮೇಲೊಂದನ್ನು ಹೊಂದಿಸುವಾಗ ಚಿತ್ರ ಹಿಗ್ಗಿರುತ್ತದೆ. ಡ್ರೈವರಿನಲ್ಲಿ ಅನುಪಾತ ಕಾಯ್ದುಕೊಳ್ಳುವ ಗುರುತು ಹಾಕಿದರೆ ಮುಖ ಮತ್ತೆ ದುಂಡಗಾಗುತ್ತದೆ. ಕೈ ಒಂದು ಕಡೆ ಕಣ್ಣು ಇನ್ನೊಂದು ಕಡೆ ಇರುವುದಕ್ಕೆ ಒಗ್ಗಲು ಕೆಲವು ವಾರ ಹಿಡಿಯುತ್ತದೆ, ಅದಕ್ಕೆ ಯಾವ ಸೆಟ್ಟಿಂಗೂ ಇಲ್ಲ.

ಈಗ ಒಂದು ಕಾರ್ಟೂನನ್ನೇ ತೆಗೆದುಕೊಳ್ಳೋಣ. ಮದುವೆ ಛತ್ರದ ಊಟದ ಹಾಲು. ಮೊದಲ ಪಂಕ್ತಿ ಈಗಷ್ಟೇ ಕೂತಿದೆ. ಎಲೆಯ ಮೇಲೆ ಉಪ್ಪು, ಕೋಸಂಬರಿ ಬಿದ್ದಿದೆ ಅಷ್ಟೆ. ಕೂತವರ ಕುರ್ಚಿಯ ಬೆನ್ನು ಹಿಡಿದು ಎರಡನೇ ಪಂಕ್ತಿಯವರು ಆಗಲೇ ನಿಂತಿದ್ದಾರೆ. ಅವರಲ್ಲೊಬ್ಬರು ಬಗ್ಗಿ ಕೇಳುತ್ತಿದ್ದಾರೆ: 'ಮಜ್ಜಿಗೆ ಬಂತಾ ಸಾರ್?'

ಇಷ್ಟಕ್ಕೆ ಏನೇನು ಬೇಕು? ಕ್ರಿಟಾ ತೆರೆದರೆ ಸುತ್ತಲೂ ಕಿಟಕಿಗಳು, ಪಟ್ಟಿಗಳು, ಬಣ್ಣದ ಚಕ್ರ, ನೂರರ ಮೇಲೆ ಬ್ರಷ್ಷು. ಜಲವರ್ಣ, ತೈಲವರ್ಣ, ಇದ್ದಿಲು, ಮರದ ಎಲೆ ಉದುರಿಸುವ ಬ್ರಷ್ಷು ಕೂಡ ಉಂಟು. ಹೊಸಬರು ಎಡವುವುದು ಇಲ್ಲೇ. ಇಡೀ ಸಂಜೆ ಬ್ರಷ್ಷು ರುಚಿ ನೋಡುವುದರಲ್ಲಿ ಕಳೆದು, ಚಿತ್ರ ಬರೆಯದೆ ಮಲಗುತ್ತಾರೆ. ಕಾರ್ಟೂನ್ ಎನ್ನುವುದು ಬೇಡದ್ದನ್ನು ಬಿಡುವ ಕಲೆ. ಸಾಫ್ಟ್‌ವೇರೋ ಎಲ್ಲವನ್ನೂ ಗುಡ್ಡೆ ಹಾಕುವ ಜಾತಿಯದು. ಹಾಗಾಗಿ ಕಲಿಯುವುದಕ್ಕಿಂತ ಮೊದಲು ಮುಚ್ಚಬೇಕು. ಟ್ಯಾಬ್ ಕೀ ಒತ್ತಿದರೆ ಸುತ್ತಲಿನದೆಲ್ಲ ಮಾಯವಾಗಿ ಹಾಳೆ ಮಾತ್ರ ಉಳಿಯುತ್ತದೆ. ಹಾಳೆಯ ಮೇಲೆ ಬಲಗುಂಡಿ ಒತ್ತಿದರೆ ಒಂದು ದುಂಡನೆಯ ತಟ್ಟೆ ಮೂಡಿ, ನಾವು ಆರಿಸಿಟ್ಟ ಬ್ರಷ್ಷುಗಳು ಅದರ ಸುತ್ತ ನಿಲ್ಲುತ್ತವೆ. ಅಲ್ಲಿ ಮೂರನ್ನೇ ಇಡಿ: ಒಂದು ಪೆನ್ಸಿಲ್ಲು, ಒಂದು ಮಸಿ ಪೆನ್ನು, ಬಣ್ಣಕ್ಕೊಂದು ಸಾದಾ ಬ್ರಷ್ಷು. ಮಸಿಗೆ 'ಇಂಕ್-3 ಜಿ-ಪೆನ್' ನನ್ನ ಆಯ್ಕೆ. ಜಪಾನಿನ ಕಾಮಿಕ್ಸ್‌ನವರು ಬಳಸುವ ನಿಬ್ಬಿನ ನಕಲು ಅದು. ಒತ್ತಿದರೆ ಉಬ್ಬುತ್ತದೆ, ಬಿಟ್ಟರೆ ಕೂದಲೆಳೆಯಾಗುತ್ತದೆ.

ಹಾಳೆಯ ಅಳತೆ: ಅಚ್ಚಿಗೆ ಹೋಗುವ ಆಸೆ ಇದ್ದರೆ ಇಂಚಿಗೆ 300 ಚುಕ್ಕಿಯ ಎ4, ಅಂದರೆ 2480 ಅಡ್ಡ, 3508 ಉದ್ದ ಪಿಕ್ಸೆಲ್. ಇಷ್ಟು ದೊಡ್ಡ ಹಾಳೆಯ ಒಂದೊಂದು ಪೂರ್ತಿ ಲೇಯರೂ ಮೆಮೊರಿಯಲ್ಲಿ ಸುಮಾರು 35 ಎಂಬಿ ತಿನ್ನುತ್ತದೆ. ಹಳೆಯ ಕಂಪ್ಯೂಟರಿದ್ದು, ಇಪ್ಪತ್ತು ಲೇಯರ್ ಹೂಡಿ, ಅದು ಏದುಸಿರು ಬಿಡುತ್ತಿದ್ದರೆ ಸಾಫ್ಟ್‌ವೇರನ್ನು ಬೈಯಬೇಡಿ. ಎ5ಕ್ಕೆ ಇಳಿದರೆ ಅರ್ಧ ಭಾರ ಇಳಿಯುತ್ತದೆ. ಇಷ್ಟಕ್ಕೂ ಕಾರ್ಟೂನಿಗೆ ನಾಲ್ಕು ಲೇಯರ್ ಬೇಕಾದಷ್ಟಾಯಿತು: ಕರಡು, ಮಸಿ, ಬಣ್ಣ, ಮಾತು.

ಕರಡನ್ನು ತಿಳಿನೀಲಿಯಲ್ಲಿ ಬರೆಯುವುದು ಹಳೆಯ ರೂಢಿ. ಮುದ್ರಣಾಲಯದ ಕ್ಯಾಮೆರಾ ಫಿಲಂ ತಿಳಿನೀಲಿಯನ್ನು ಹಿಡಿಯುತ್ತಿರಲಿಲ್ಲವಾದ್ದರಿಂದ ನೀಲಿ ಪೆನ್ಸಿಲಿನ ಕರಡನ್ನು ಅಳಿಸುವ ಗೋಜೇ ಇರಲಿಲ್ಲ. ಕಂಪ್ಯೂಟರಿನಲ್ಲಿ ಆ ಕಾರಣ ಇಲ್ಲ, ಆದರೂ ಕಪ್ಪು ಮಸಿಯ ಕೆಳಗೆ ನೀಲಿ ಕರಡು ಕಣ್ಣಿಗೆ ಸ್ಪಷ್ಟ. ಛತ್ರದ ಚಿತ್ರದಲ್ಲಿ ಮೊದಲು ಮೂರು ಆಕಾರ ಸಾಕು: ಎಲೆಯ ಮೇಲೆ ಬಾಗಿದ ಒಂದು ದೇಹ, ಅದರ ಮೇಲೆ ಬಾಗಿದ ಇನ್ನೊಂದು ದೇಹ, ಅವರಿಬ್ಬರ ಹಿಂದೆ ಉದ್ದಕ್ಕೆ ಅದೇ ಭಂಗಿಯ ಸಾಲು. ಕೂತವರ ಭುಜಕ್ಕೂ ಬಗ್ಗಿದವರ ಗಲ್ಲಕ್ಕೂ ಎಷ್ಟು ಅಂತರ ಎಂಬುದರ ಮೇಲೆ ಇಡೀ ನಗೆ ನಿಂತಿದೆ. ಬೆರಳಗಲ ಇದ್ದರೆ ಮಾತುಕತೆ, ತಾಗಿಯೇಬಿಟ್ಟರೆ ಹಾಸ್ಯ. ಕಾಗದದಲ್ಲಾದರೆ ಇದಕ್ಕೆ ಉಜ್ಜಿ ಉಜ್ಜಿ ಹಾಳೆ ತೂತಾಗುತ್ತಿತ್ತು. ಇಲ್ಲಿ ತಲೆಯನ್ನು ಸುತ್ತುಗಟ್ಟಿ ಹಿಡಿದು ನಾಲ್ಕು ಕೂದಲೆಳೆ ಈಚೆಗೆ ಎಳೆದರೆ ಆಯಿತು. ಎಮ್ ಕೀ ಒತ್ತಿದರೆ ಚಿತ್ರ ಕನ್ನಡಿಯಲ್ಲಿ ಕಂಡಂತೆ ತಿರುಗುತ್ತದೆ. ಅದುವರೆಗೆ ಚೆನ್ನಾಗಿಯೇ ಕಂಡ ಮುಖ ಒಂದು ಕಡೆಗೆ ವಾಲಿರುವುದು ಆಗ ಎದ್ದು ಕಾಣುತ್ತದೆ. ಇದೊಂದು ಕೀ ಕಲಿಸುವಷ್ಟು ಪಾಠವನ್ನು ಗಂಟೆಗಟ್ಟಲೆ ವಿಡಿಯೊ ಕಲಿಸುವುದಿಲ್ಲ.

ಕರಡನ್ನು ಮಸುಕು ಮಾಡಿ, ಮೇಲೆ ಹೊಸ ಲೇಯರ್ ಹಾಕಿ ಮಸಿ. ಇಲ್ಲೊಂದು ಆಮಿಷವಿದೆ, 'ಸ್ಟೆಬಿಲೈಸರ್'. ನಡುಗುವ ಕೈಯ ಅಂಕುಡೊಂಕನ್ನು ಸರಾಸರಿ ಮಾಡಿ ನಯವಾದ ಗೆರೆ ಕೊಡುತ್ತದೆ. ಗೆರೆ ಪೆನ್ನಿನ ಹಿಂದೆ ಸ್ವಲ್ಪ ತಡವಾಗಿ ಬರುತ್ತದೆ. ಉದ್ದನೆಯ ಬಾಗುಗೆರೆಗೆ, ಛತ್ರದ ಕಮಾನಿಗೆ, ಬಾಳೆಲೆಯ ಅಂಚಿಗೆ ಅದು ವರ. ಮುಖಕ್ಕೆ ಮಾತ್ರ ಹಾಕಬೇಡಿ. ಹಸಿದು ನಿಂತವರ ಮೂಗು ನಯವಾಗಿ ಬಂದರೆ ಹಸಿವು ಕಾಣುವುದಿಲ್ಲ. ಕಡಿಮೆ ಅಂಕದಲ್ಲಿಡಿ ಅಥವಾ 'ಬೇಸಿಕ್' ಆಯ್ಕೆಯಲ್ಲೇ ಬಿಡಿ. ಕಂಟ್ರೋಲ್ ಝಡ್ ಬಗ್ಗೆಯೂ ಇದೇ ಮಾತು. ತಪ್ಪು ಗೆರೆಯನ್ನು ಅಳಿಸುವ ಸೌಲಭ್ಯ ಇದೆಯೆಂದು ಒಂದೇ ಹುಬ್ಬನ್ನು ಇಪ್ಪತ್ತು ಸಲ ಎಳೆಯುವವರಿದ್ದಾರೆ. ಇಪ್ಪತ್ತನೆಯ ಹುಬ್ಬು ಮೂರನೆಯದಕ್ಕಿಂತ ಚೆನ್ನಾಗಿರುವುದು ಅಪರೂಪ.

ಬಣ್ಣ ತುಂಬುವುದು ಬಕೆಟ್ಟಿನ ಕೆಲಸ. ಎಲ್ಲ ಲೇಯರ್‌ಗಳ ಗೆರೆಯನ್ನೂ ನೋಡಿಕೊಂಡು ಸುರಿ ಎಂದು ಅದಕ್ಕೆ ಹೇಳಿ, ಬಣ್ಣದ ಅಂಚು ಎರಡು ಮೂರು ಪಿಕ್ಸೆಲ್ ಬೆಳೆಯುವಂತೆ ಇಡಬೇಕು. ಇಲ್ಲದಿದ್ದರೆ ಮಸಿಗೂ ಬಣ್ಣಕ್ಕೂ ನಡುವೆ ತೆಳ್ಳನೆಯ ಬಿಳಿ ಎಳೆ ಉಳಿದು ಚಿತ್ರ ಅಗ್ಗವಾಗಿ ಕಾಣುತ್ತದೆ. 'ಕಲರೈಸ್ ಮಾಸ್ಕ್' ಎಂಬ ಜಾಣ ಉಪಾಯವೂ ಇದೆ: ಪಂಚೆಯ ಮೇಲೊಂದು ಬಿಳಿ ಗೀಚು, ಎಲೆಯ ಮೇಲೊಂದು ಹಸಿರು ಗೀಚು ಹಾಕಿದರೆ ಎಲ್ಲಿಗೆ ನಿಲ್ಲಬೇಕೆಂಬುದನ್ನು ಅದೇ ಊಹಿಸಿ ತುಂಬುತ್ತದೆ. ದೊಡ್ಡ ಚಿತ್ರಕ್ಕೆ ಅನುಕೂಲ. ಛತ್ರದ ಚಿತ್ರಕ್ಕೆ ನಾನು ಬಣ್ಣ ಹಾಕುವುದಾದರೆ ಎಲೆಗಳಿಗಷ್ಟೇ ಹಸಿರು, ಉಳಿದದ್ದು ಕಪ್ಪು ಬಿಳುಪು. ನೋಡುವವರ ಕಣ್ಣು ಎಲೆಗೆ ಹೋಗಿ, ಅದು ಇನ್ನೂ ಬಹುಪಾಲು ಖಾಲಿ ಎಂದು ಕಂಡಮೇಲೆ ಮಾತಿಗೆ ಬರಬೇಕು. ಬೆಂಗಳೂರಿನ ಎಂ.ಜಿ. ರಸ್ತೆ ಬದಿ, ಟ್ರಿನಿಟಿ ವೃತ್ತದ ಹತ್ತಿರ, ಭಾರತೀಯ ವ್ಯಂಗ್ಯಚಿತ್ರಕಾರರ ಸಂಸ್ಥೆ 2007ರಿಂದ ಕಾರ್ಟೂನ್ ಗ್ಯಾಲರಿ ನಡೆಸುತ್ತಿದೆ. ಅಂಥ ಕಡೆ ಮೂಲಚಿತ್ರಗಳ ಮುಂದೆ ನಿಂತಾಗ ಕಪ್ಪಿಗಿಂತ ಬಿಟ್ಟ ಬಿಳಿಯ ಕಡೆ ಗಮನ ಕೊಡಿ. ಯಾವ ಸಾಫ್ಟ್‌ವೇರಿನಲ್ಲೂ ಇದಕ್ಕೊಂದು ಗುಂಡಿ ಇಲ್ಲ.

ಇನ್ನು ಮಾತು. ಕನ್ನಡದ ಹವ್ಯಾಸಿಗೆ ಪಾಠವೂ ಪೇಚಾಟವೂ ಇರುವುದು ಇಲ್ಲೇ, ಯಾಕೆಂದರೆ ಕಲಿಸುವ ವಿಡಿಯೊಗಳೆಲ್ಲ ಇಂಗ್ಲಿಷಿನ ಕ್ಯಾಪಿಟಲ್ ಅಕ್ಷರಗಳನ್ನು ಕಣ್ಣೆದುರು ಇಟ್ಟುಕೊಂಡು ಮಾಡಿದವು. 'ಮಜ್ಜಿಗೆ' ಎಂಬುದನ್ನೇ ನೋಡಿ. ಕಣ್ಣಿಗೆ ಮೂರಕ್ಷರ, ಕಂಪ್ಯೂಟರಿಗೆ ಏಳು ಸಂಕೇತ: ಮ, ಜ, ಅರ್ಧಾಕ್ಷರದ ಗುರುತು, ಮತ್ತೊಂದು ಜ, ಗುಡಿಸು, ಗ, ಎತ್ವ. ಎರಡನೆಯ ಜ ಕೆಳಗಿಳಿದು ಒತ್ತಾಗಬೇಕು. ಅದರ ನಂತರ ಬಂದ ಗುಡಿಸು ಮಾತ್ರ ಹಿಂದಕ್ಕೆ ಹೋಗಿ ಮೊದಲನೆಯ ಜ ತಲೆಯ ಮೇಲೆ ಕೂರಬೇಕು. ಈ ಪಲ್ಲಟಗಳನ್ನು ಮಾಡಿಕೊಡುವ ಉಪಕರಣ ಇಲ್ಲದ ಚಿತ್ರ ಸಾಫ್ಟ್‌ವೇರ್‌ಗಳಲ್ಲಿ ಒತ್ತಕ್ಷರ ಒಡೆದು ಚೆಲ್ಲಾಪಿಲ್ಲಿಯಾಗುತ್ತದೆ. ನಮ್ಮ ಡಿಟಿಪಿ ಅಂಗಡಿಗಳಲ್ಲಿ ಬಹುಕಾಲ ಇದಕ್ಕೆ ಕಂಡುಕೊಂಡಿದ್ದ ಪರಿಹಾರ, ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿದ ಫಾಂಟುಗಳು. ಅಂಗಡಿಯಲ್ಲಿ ಸರಿಯಾಗಿ ಕಂಡದ್ದು ಆ ಫಾಂಟ್ ಇಲ್ಲದ ಮನೆಯ ಕಂಪ್ಯೂಟರಿನಲ್ಲಿ ತೆರೆದರೆ ಅರ್ಥವಿಲ್ಲದ ರೋಮನ್ ಅಕ್ಷರಗಳ ಸಂತೆ. ಕ್ರಿಟಾ 2023ರ 5.2ನೇ ಆವೃತ್ತಿಯಲ್ಲಿ ಅಕ್ಷರ ಜೋಡಿಸುವ ಯಂತ್ರವನ್ನೇ ಹೊಸದಾಗಿ ಕಟ್ಟಿ, ಹಾರ್ಫ್‌ಬಜ್ ಎಂಬ ಮುಕ್ತ ಉಪಕರಣವನ್ನು ಬಳಸಿಕೊಂಡಿತು. ಆಂಡ್ರಾಯ್ಡ್ ಮೊಬೈಲಿನಲ್ಲಿ, ಫೈರ್‌ಫಾಕ್ಸ್‌ನಲ್ಲಿ ನಾವು ದಿನಾ ಓದುವ ಕನ್ನಡವನ್ನು ಜೋಡಿಸಿಕೊಡುವುದೂ ಅದೇ. ಹಾಗಾಗಿ ಯೂನಿಕೋಡ್ ಫಾಂಟ್ ಹಾಕಿ ಟೈಪ್ ಮಾಡಿದರೆ ಮಜ್ಜಿಗೆ ಮಜ್ಜಿಗೆಯಾಗಿಯೇ ಬರುತ್ತದೆ.

ಫಾಂಟಿಗೂ ಬರವಿಲ್ಲ. ದುಂಡುದುಂಡಗೆ ಗಟ್ಟಿಯಾಗಿರುವ ಬಲೂ ತಮ್ಮ, ಕೈಬರಹದ ಲಹರಿ ಇರುವ ನವಿಲು ಮತ್ತು ಅಕಾಯಾ ಕನ್ನಡಕ, ಎಲ್ಲವೂ ಪುಕ್ಕಟೆ. ಪತ್ರಿಕೆಯ ಸುದ್ದಿಯಂತೆ ಕಾಣುವ ಸಪಾಟು ಫಾಂಟನ್ನು ಕಾರ್ಟೂನಿನ ಬಾಯಿಗೆ ಹಾಕಬೇಡಿ. ಪಾತ್ರ ಮಾತಾಡಿದಂತೆ ಅನ್ನಿಸುವುದಿಲ್ಲ, ಪ್ರಕಟಣೆ ಹೊರಡಿಸಿದಂತೆ ಇರುತ್ತದೆ.

ಸಾಲುಗಳ ಅಂತರವನ್ನು ಇಂಗ್ಲಿಷಿನ ಅಂದಾಜಿನಲ್ಲಿ ಬಿಟ್ಟರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ಡಿಕ್ಕಿ ಹೊಡೆಯುತ್ತದೆ. ಒಂದೂವರೆಯಷ್ಟಾದರೂ ಇಡಿ. ನಮ್ಮಲ್ಲಿ ಕ್ಯಾಪಿಟಲ್ ಅಕ್ಷರ ಇಲ್ಲ, ಆದ್ದರಿಂದ ಕಿರುಚಾಟಕ್ಕೆ ಗಾತ್ರ ಮತ್ತು ದಪ್ಪವೇ ಗತಿ. ಮಾತಿನ ಗುಳ್ಳೆಯನ್ನು ಮೊದಲು ಬರೆದು ಅದರೊಳಗೆ ಮಾತು ತುರುಕಬೇಡಿ. ಮಾತು ಬರೆದು ಸುತ್ತ ಗುಳ್ಳೆ ಹಾಕಿ. ಎಲ್ಲಕ್ಕಿಂತ ದೊಡ್ಡ ತೊಡಕು ಉದ್ದ. ಕನ್ನಡದಲ್ಲಿ ಪ್ರತ್ಯಯಗಳು ಅಂಟಿಕೊಂಡು ಪದ ರೈಲಾಗುತ್ತದೆ. 'ಬರುವುದಿಲ್ಲವಂತೆ' ಎಂದು ಬರೆದರೆ ಗುಳ್ಳೆ ಒಡೆಯುತ್ತದೆ, 'ಬರಲ್ವಂತೆ' ಎಂದರೆ ಕೂರುತ್ತದೆ. ಆಡುಮಾತು ಬಳಸಿ ಎಂದು ಯಾರೂ ಉಪದೇಶ ಮಾಡಬೇಕಾಗಿಲ್ಲ, ಗುಳ್ಳೆಯೇ ಹೇಳಿಕೊಡುತ್ತದೆ. ಧಾರವಾಡದವರಾದರೆ ಧಾರವಾಡದ ಮಾತೇ ಬರಲಿ: 'ಮಜ್ಜಿಗಿ ಬಂತೇನ್ರಿ?' ಜಾಗವೂ ಕಡಿಮೆ, ಮಜವೂ ಹೆಚ್ಚು.

ನಿಮ್ಮ ಅಕ್ಷರ ದುಂಡಗಿದ್ದರೆ ಫಾಂಟ್ ಗೊಡವೆಯೇ ಬೇಡ, ಚಿತ್ರ ಬರೆದ ಅದೇ ಮಸಿ ಪೆನ್ನಿನಲ್ಲಿ ಬೇರೆ ಲೇಯರ್ ಮೇಲೆ ಕೈಯಿಂದ ಬರೆಯಿರಿ. ಅಕ್ಷರಕ್ಕೂ ಗೆರೆಗೂ ಒಂದೇ ಕೈಯ ಗುರುತು ಬೀಳುತ್ತದೆ.

ಕಲಿಯಲು ಗುರು ಬೇಕೆನ್ನುವವರಿಗೆ ಫ್ರಾನ್ಸ್‌ನ ಡೇವಿಡ್ ರೆವಾ ಅವರ 'ಪೆಪರ್ ಅಂಡ್ ಕ್ಯಾರೆಟ್' ಕಾಮಿಕ್ಸ್ ಇದೆ. ಪುಟ್ಟ ಮಾಟಗಾತಿ ಮತ್ತು ಅವಳ ಬೆಕ್ಕಿನ ಕತೆ. 2014ರಿಂದ ಕ್ರಿಟಾದಲ್ಲೇ ಬರೆಯುತ್ತಾ ಬಂದಿರುವ ರೆವಾ, ಮುಗಿದ ಪುಟದ ಜೊತೆಗೆ ಲೇಯರ್ ಲೇಯರಾಗಿ ಬಿಚ್ಚಿ ನೋಡಬಹುದಾದ ಮೂಲ ಕಡತವನ್ನೂ ಕೊಡುತ್ತಾರೆ. ಹೆಸರು ಹೇಳಿದರೆ ಸಾಕು, ಯಾರು ಬೇಕಾದರೂ ಬಳಸಬಹುದು, ಅನುವಾದಿಸಬಹುದು. ವೃತ್ತಿಪರರ ಕಡತ ತೆರೆದು, ಒಂದೊಂದೇ ಲೇಯರಿನ ಕಣ್ಣು ಮುಚ್ಚಿ ತೆರೆದು ನೋಡುವುದಕ್ಕಿಂತ ಒಳ್ಳೆಯ ಪಾಠ ನನಗೆ ತಿಳಿದಿಲ್ಲ.

ಉಳಿದ ಸಾಫ್ಟ್‌ವೇರ್‌ಗಳ ಬಗ್ಗೆ ಚುಟುಕಾಗಿ. ಗಿಂಪ್ ಫೋಟೊ ಮತ್ತು ಸ್ಕ್ಯಾನ್ ತೊಳೆಯಲು ಒಳ್ಳೆಯದು. ಬಹಳ ಕಾಯಿಸಿದ ಅದರ 3.0 ಆವೃತ್ತಿ 2025ರಲ್ಲಿ ಬಂತು. ಇಂಕ್‌ಸ್ಕೇಪ್ ಎಷ್ಟು ಹಿಗ್ಗಿಸಿದರೂ ಒಡೆಯದ ಗೆರೆ ಕೊಡುತ್ತದೆ, ಲಾಂಛನಕ್ಕೆ ಸರಿ, ಓಡುವ ಗೆರೆಗೆ ಬಿಗಿ. ಮೈಪೇಂಟ್‌ನಲ್ಲಿ ಹಾಳೆಗೆ ಅಂಚೇ ಇಲ್ಲ, ಗುಂಡಿಗಳೂ ಕಡಿಮೆ. ಗೊಂದಲ ಬೇಡವೆನ್ನುವವರು ಮೊದಲು ಇದನ್ನೇ ನೋಡಬಹುದು. ಚಿತ್ರ ಅಲುಗಾಡಬೇಕೆಂದರೆ ಕ್ರಿಟಾದಲ್ಲೇ 2016ರ 3.0 ಆವೃತ್ತಿಯಿಂದ ಅನಿಮೇಷನ್ ಇದೆ. ಅದಕ್ಕೂ ಮುಂದಕ್ಕೆ ಹೋಗುವವರಿಗೆ ಓಪನ್‌ಟೂನ್ಜ್. ಜಪಾನಿನ ಗಿಬ್ಲಿ ಸ್ಟುಡಿಯೊ ಬಳಸುತ್ತಿದ್ದ ಸಾಫ್ಟ್‌ವೇರನ್ನು 2016ರಲ್ಲಿ ಎಲ್ಲರಿಗೂ ತೆರೆದಿಟ್ಟ ರೂಪ ಅದು. ಇಂಥದೇ ಇನ್ನೊಂದು ಮುಕ್ತ ಸಾಫ್ಟ್‌ವೇರ್ ಬ್ಲೆಂಡರ್‌ನಲ್ಲಿ ತಯಾರಾದ ಲಾಟ್ವಿಯಾದ 'ಫ್ಲೋ' 2025ರಲ್ಲಿ ಆಸ್ಕರ್ ಗೆದ್ದಿತು. ಬಿಟ್ಟಿ ಸಾಫ್ಟ್‌ವೇರಿನಲ್ಲಿ ಏನು ಆಗುತ್ತೆ ಎಂದು ಮೂಗು ಮುರಿಯುವವರಿಗೆ ಈ ಒಂದು ಉದಾಹರಣೆ ಸಾಕು.

ಚಿತ್ರ ಮುಗಿದ ಮೇಲೆ ಎರಡು ಕಡತ ಉಳಿಸಿಕೊಳ್ಳಿ: ಲೇಯರ್‌ಗಳೆಲ್ಲ ಇರುವ ಕ್ರಿಟಾದ ಸ್ವಂತ ಕಡತ, ಹಂಚಲು ಪಿಎನ್‌ಜಿ. ಜೆಪೆಗ್ ಬೇಡ. ಅದು ಚಿತ್ರವನ್ನು ಎಂಟಕ್ಕೆ ಎಂಟು ಪಿಕ್ಸೆಲ್‌ನ ಚೌಕಗಳಾಗಿ ಕತ್ತರಿಸಿ ಹಿಂಡುತ್ತದೆ. ಫೋಟೊದಲ್ಲಿ ಇದು ತಿಳಿಯುವುದಿಲ್ಲ. ಬಿಳಿಯ ಮೇಲಿನ ಕಪ್ಪು ಗೆರೆಯ ಸುತ್ತ ಮಾತ್ರ ಧೂಳು ಕೂತಂತೆ ಕಾಣುತ್ತದೆ. ವಾಟ್ಸ್ಆ್ಯಪ್‌ನಲ್ಲಿ ಫೋಟೊ ಎಂದು ಕಳಿಸಿದರೆ ಪಿಎನ್‌ಜಿಯನ್ನೂ ಹಿಂಡುತ್ತದೆ, ಹಾಗಾಗಿ ಡಾಕ್ಯುಮೆಂಟ್ ಎಂದು ಕಳಿಸಿ. ಪತ್ರಿಕೆಗೆ ಬಣ್ಣದ ಚಿತ್ರ ಕಳಿಸುವ ಮುನ್ನ ಕಂಟ್ರೋಲ್ ವೈ ಒತ್ತಿ ನೋಡಿ. ಅಚ್ಚಿನಲ್ಲಿ ಬಣ್ಣ ಎಷ್ಟು ಮಂಕಾಗಬಹುದೆಂಬ ಅಂದಾಜು ಪರದೆಯ ಮೇಲೆಯೇ ಸಿಗುತ್ತದೆ. ಮಿಂಚುವ ನೀಲಿ, ಗಿಳಿಹಸಿರು ಮೊದಲು ಬಲಿಯಾಗುತ್ತವೆ.

ಸಹಿ ಎಲ್ಲಿ ಹಾಕುವುದು ಎನ್ನುವುದೂ ಈಗ ಯೋಚನೆಯ ವಿಷಯವೇ. ರೂಢಿಯಂತೆ ಕೆಳಗಿನ ಮೂಲೆಯಲ್ಲಿ ಹಾಕಿದರೆ, ಚಿತ್ರವನ್ನು ಎತ್ತಿಕೊಂಡು ಗುಂಪಿನಿಂದ ಗುಂಪಿಗೆ ದಾಟಿಸುವವರು ಮೊದಲು ಕತ್ತರಿಸುವುದು ಅದೇ ಮೂಲೆಯನ್ನು. ಛತ್ರದ ಚಿತ್ರದಲ್ಲಾದರೆ ಬಾಳೆಲೆಯ ಮೇಲೆ, ಕೋಸಂಬರಿಯ ಪಕ್ಕದಲ್ಲಿ ಸಣ್ಣದಾಗಿ ಬರೆಯಿರಿ. ಹೆಸರು ತೆಗೆಯಬೇಕೆಂದರೆ ಊಟವನ್ನೇ ಎತ್ತಬೇಕಾಗುತ್ತದೆ.